ಕಳಚಬೇಕಾದದ್ದು ಕಳಚದಾಗ: ಆಟದ ರಾಕೆಟ್ಟಿಗೂ ನಿಜ ರಾಕೆಟ್ಟಿಗೂ ಒಂದೇ ಪಾಠ

ರಾಕೆಟ್ ನೆಲ ಬಿಟ್ಟು ಮೇಲೆದ್ದಿದೆ. ಮೊದಲ ಹಂತದ ಇಂಧನ ಮುಗಿಯುತ್ತ ಬಂದಿದೆ. ಆಟಗಾರರು ಕೀಲಿಮಣೆಯ ಸ್ಪೇಸ್ ಬಾರ್ ಒತ್ತುತ್ತಾರೆ. ಖಾಲಿ ಟ್ಯಾಂಕು ಕಳಚಿ ಕೆಳಗೆ ಬೀಳಬೇಕಾದ ಆ ಕ್ಷಣದಲ್ಲಿ ತುದಿಯಲ್ಲಿದ್ದ ಪ್ಯಾರಾಚೂಟ್ ಅರಳಿ, ಗಾಳಿಯ ರಭಸಕ್ಕೆ ಹರಿದು ಚಿಂದಿಯಾಗುತ್ತದೆ. ಗಾಬರಿಯಲ್ಲಿ ಮತ್ತೊಮ್ಮೆ ಒತ್ತಿದರೆ ಎರಡು ಹಂತಗಳು ಒಟ್ಟಿಗೇ ಕಳಚಿಕೊಂಡು, ಇನ್ನೂ ತುಂಬಿರುವ ಟ್ಯಾಂಕು ಸಮುದ್ರದ ಪಾಲಾಗುತ್ತದೆ. ಪರದೆಯ ಮೇಲೆ ನಡೆಯುವ ಈ ಅನಾಹುತದಿಂದ ಯಾರಿಗೂ ಗಾಯವಾಗುವುದಿಲ್ಲ. ಆದರೆ ಇದೇ ಬಗೆಯ ತಪ್ಪಿಗೆ ನಿಜವಾದ ಉಡಾವಣಾ ಕೇಂದ್ರಗಳು ತೆತ್ತ ಬೆಲೆ ಸಣ್ಣದಲ್ಲ.

ಆಟದ ಹೆಸರು ‘ಕರ್ಬಲ್ ಸ್ಪೇಸ್ ಪ್ರೋಗ್ರಾಂ’. ಮೆಕ್ಸಿಕೋ ನಗರದ ಸ್ಕ್ವಾಡ್ ಎಂಬ ಸಂಸ್ಥೆಯಲ್ಲಿ ಕೆಲಸಕ್ಕಿದ್ದ ಫೆಲಿಪೆ ಫಲಾಂಗೆ ಎಂಬ ಯುವಕನ ಕಲ್ಪನೆಯಿಂದ ಮೂಡಿದ ಇದು 2011ರ ಜೂನ್‌ನಲ್ಲಿ ಮೊದಲ ಬಾರಿಗೆ ಸಾರ್ವಜನಿಕರ ಕೈಸೇರಿತು. ಪೂರ್ಣ ಆವೃತ್ತಿ 2015ರ ಏಪ್ರಿಲ್‌ನಲ್ಲಿ ಹೊರಬಂದಿತು. ಕರ್ಬಿನ್ ಎಂಬ ಕಾಲ್ಪನಿಕ ಗ್ರಹದ ಹಸಿರು ಮೈಬಣ್ಣದ ಪುಟ್ಟ ಜೀವಿಗಳಿಗೆ ರಾಕೆಟ್ ಕಟ್ಟಿಕೊಡುವುದೇ ಇಲ್ಲಿಯ ಕೆಲಸ. ನೋಟಕ್ಕೆ ಮಕ್ಕಳಾಟದಂತಿದ್ದರೂ ಅದರ ಒಡಲಲ್ಲಿರುವುದು ನಿಜವಾದ ಭೌತಶಾಸ್ತ್ರ. ತೂಕ, ಒತ್ತುಬಲ, ಗಾಳಿಯ ಪ್ರತಿರೋಧ, ಗುರುತ್ವ ಎಲ್ಲವನ್ನೂ ಅದು ಲೆಕ್ಕವಿಟ್ಟೇ ನಡೆಸುತ್ತದೆ. ಇದರ ಮುಂದಿನ ಭಾಗ 2023ರಲ್ಲಿ ಅಪೂರ್ಣ ರೂಪದಲ್ಲಿ ಬಂದು, ಅದನ್ನು ರೂಪಿಸುತ್ತಿದ್ದ ಸ್ಟುಡಿಯೋ 2024ರಲ್ಲಿ ಬಾಗಿಲು ಮುಚ್ಚಿತಾದರೂ ಮೊದಲ ಆಟದ ನಂಟು ಬಿಡದವರು ಅನೇಕರಿದ್ದಾರೆ. ಹೊಸಬರು ಅದರಲ್ಲಿ ಹೆಚ್ಚಾಗಿ ಎಡವುವುದು ಒಂದೇ ಕಡೆ: ಹಂತಗಳ ಬೇರ್ಪಡಿಕೆಯಲ್ಲಿ.

ಹಂತಗಳೇಕೆ ಬೇಕು?

ಬಾಳೆಯೆಲೆಯಲ್ಲಿ ಕಟ್ಟಿದ ಬುತ್ತಿಯನ್ನು ಉಂಡ ಮೇಲೆ ಎಲೆಯನ್ನು ಹೊತ್ತುಕೊಂಡು ಯಾರೂ ಬೆಟ್ಟ ಹತ್ತುವುದಿಲ್ಲ. ರಾಕೆಟ್ಟಿನ ಹಂತಗಳ ತತ್ವವೂ ಅಷ್ಟೇ. ರಷ್ಯಾದ ಶಾಲಾ ಶಿಕ್ಷಕ ಕಾನ್‌ಸ್ಟಾಂಟಿನ್ ತ್ಸಿಯೊಲ್ಕೋವ್‌ಸ್ಕಿ 1903ರಲ್ಲಿ ಪ್ರಕಟಿಸಿದ ಸಮೀಕರಣ ಈ ಲೆಕ್ಕವನ್ನು ಸ್ಪಷ್ಟಪಡಿಸಿತು. ಎಂಜಿನ್ನಿನಿಂದ ಹೊರಚಿಮ್ಮುವ ಅನಿಲದ ವೇಗ ಸೆಕೆಂಡಿಗೆ 3 ಕಿಲೋಮೀಟರ್ ಎಂದುಕೊಂಡರೆ, ರಾಕೆಟ್ಟು 3 ಕಿಲೋಮೀಟರ್ ವೇಗ ಪಡೆಯಲು ಅದರ ಆರಂಭಿಕ ತೂಕ ಅಂತಿಮ ತೂಕದ ಸುಮಾರು 2.7 ಪಟ್ಟು ಇರಬೇಕು. 9 ಕಿಲೋಮೀಟರ್ ವೇಗ ಬೇಕೆಂದರೆ ಸುಮಾರು 20 ಪಟ್ಟು. ಅಂದರೆ ನೂರರಲ್ಲಿ 95 ಪಾಲು ಇಂಧನವೇ ಆಗಬೇಕು. ಟ್ಯಾಂಕು, ಎಂಜಿನ್ನು, ಉಪಗ್ರಹ ಎಲ್ಲವೂ ಉಳಿದ ಐದು ಪಾಲಿನಲ್ಲಿ ಅಡಗಬೇಕು. ಒಂದೇ ಹಂತದಲ್ಲಿ ಇದು ಬಹುತೇಕ ಅಸಾಧ್ಯ. ಖಾಲಿಯಾದ ಟ್ಯಾಂಕನ್ನೂ ಅದರ ಭಾರಿ ಎಂಜಿನ್ನನ್ನೂ ದಾರಿಯಲ್ಲೇ ಬಿಟ್ಟುಬಿಟ್ಟರೆ ಮಾತ್ರ ಲೆಕ್ಕ ಕೂಡಿಬರುತ್ತದೆ.

ಕರ್ಬಿನ್ ಗ್ರಹದ ತ್ರಿಜ್ಯ ಕೇವಲ 600 ಕಿಲೋಮೀಟರ್, ಅದರ ವಾತಾವರಣ 70 ಕಿಲೋಮೀಟರ್ ಎತ್ತರಕ್ಕೆ ಮುಗಿಯುತ್ತದೆ. ಅಲ್ಲಿ ಕಕ್ಷೆ ಸೇರಲು ಸೆಕೆಂಡಿಗೆ ಸುಮಾರು 3,400 ಮೀಟರ್ ವೇಗ ಗಳಿಸುವ ಸಾಮರ್ಥ್ಯ ಸಾಕು. ಭೂಮಿಯಲ್ಲಿ ಇದು 9,000 ಮೀಟರಿಗೂ ಹೆಚ್ಚು. ಆಟ ಈ ಮಟ್ಟಿಗೆ ಸುಲಭ. ಆದರೆ ಹಂತಗಳನ್ನು ಕಳಚುವ ಕ್ರಮದಲ್ಲಿ ಅದು ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ.

ಕಳಚುವುದು ಒಂದು ಕೆಲಸವಲ್ಲ, ಐದು ಕೆಲಸ

ಹಂತದ ಬೇರ್ಪಡಿಕೆ ಎಂದರೆ ಒಂದು ಗುಂಡಿ, ಒಂದು ಸದ್ದು ಎಂಬ ಭಾವನೆ ಸಾಮಾನ್ಯ. ವಾಸ್ತವದಲ್ಲಿ ಅಲ್ಲಿ ಐದು ಕೆಲಸಗಳು ಒಂದರ ಹಿಂದೊಂದು ನಡೆಯಬೇಕು. ಮೊದಲು, ಕೆಳಗಿನ ಎಂಜಿನ್ನಿನ ಒತ್ತುಬಲ ಪೂರ್ತಿಯಾಗಿ ನಿಲ್ಲಬೇಕು. ಎರಡನೆಯದಾಗಿ, ಎರಡು ಹಂತಗಳನ್ನು ಹಿಡಿದಿದ್ದ ಬಂಧ ತುಂಡಾಗಬೇಕು. ಮೂರನೆಯದಾಗಿ, ಕಳಚಿದ ಭಾಗ ದೂರ ಸರಿಯಬೇಕು. ನಾಲ್ಕನೆಯದಾಗಿ, ಉಳಿದ ಭಾಗ ದಿಕ್ಕು ತಪ್ಪದೆ ನಿಲ್ಲಬೇಕು. ಕೊನೆಯದಾಗಿ, ಮೇಲಿನ ಎಂಜಿನ್ನು ಹೊತ್ತಿಕೊಳ್ಳಬೇಕು. ಕೆಲವು ರಾಕೆಟ್ಟುಗಳಲ್ಲಿ, ಉದಾಹರಣೆಗೆ ರಷ್ಯಾದ ಸೋಯುಜ್‌ನಲ್ಲಿ, ಕೆಳಗಿನ ಹಂತ ಕಳಚುವ ಮೊದಲೇ ಮೇಲಿನ ಎಂಜಿನ್ನು ಹೊತ್ತಿಕೊಳ್ಳುವ ಪದ್ಧತಿಯಿದೆ. ಉರಿ ಹೊರಹೋಗಲೆಂದೇ ಅಲ್ಲಿ ಎರಡು ಹಂತಗಳ ನಡುವೆ ಜಾಲರಿಯಂತಹ ಚೌಕಟ್ಟು ಇರುತ್ತದೆ. ಕ್ರಮ ಬೇರೆಯಾದರೂ ಕ್ರಮವೊಂದು ಇದ್ದೇ ಇರುತ್ತದೆ.

ದೋಷ ಹುಡುಕುವವರು ಗಮನಿಸಬೇಕಾದ ಮುಖ್ಯ ಸಂಗತಿ ಇಲ್ಲಿದೆ. ಕಣ್ಣಿಗೆ ಕಾಣುವ ಅನಾಹುತ ನಡೆಯುವುದು ಒಂದು ಹೆಜ್ಜೆಯಲ್ಲಿ, ಅದರ ಮೂಲ ಇರುವುದು ಹಲವು ಸಲ ಅದರ ಹಿಂದಿನ ಹೆಜ್ಜೆಯಲ್ಲಿ. ಸ್ಫೋಟಗೊಂಡ ಭಾಗವನ್ನೇ ದೂರುತ್ತ ಕುಳಿತರೆ ಕಾರಣ ಸಿಗುವುದಿಲ್ಲ. ‘ಕೊನೆಯದಾಗಿ ಸರಿಯಾಗಿ ನಡೆದದ್ದು ಯಾವುದು’ ಎಂಬ ಪ್ರಶ್ನೆಯಿಂದ ಹೊರಟರೆ ಸಿಗುತ್ತದೆ.

ಮೊದಲ ತಪಾಸಣೆ: ಪಟ್ಟಿ ಓದುವುದು

ಆಟದ ರಾಕೆಟ್ ಜೋಡಣಾ ಕಟ್ಟಡದಲ್ಲಿ ಪರದೆಯ ಬಲಬದಿಗೆ ಹಂತಗಳ ಪಟ್ಟಿ ಕಾಣುತ್ತದೆ. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಎಲ್ಲಕ್ಕಿಂತ ಕೆಳಗಿರುವ, ಅತಿ ದೊಡ್ಡ ಸಂಖ್ಯೆಯ ಹಂತ ಮೊದಲ ಒತ್ತಿಗೆ ನಡೆಯುತ್ತದೆ. ಸೊನ್ನೆ ಸಂಖ್ಯೆಯ ಹಂತ ಕೊನೆಯದು. ಈ ತಿರುವುಮುರುವು ಎಣಿಕೆಯೇ ಎಷ್ಟೋ ಹೊಸಬರನ್ನು ದಾರಿ ತಪ್ಪಿಸಿದೆ.

ಬಿಡಿಭಾಗಗಳನ್ನು ಜೋಡಿಸುತ್ತ ಹೋದಂತೆ ಆಟ ತಾನೇ ಊಹಿಸಿ ಈ ಪಟ್ಟಿಯನ್ನು ತುಂಬುತ್ತದೆ. ಊಹೆ ಕೆಲವೊಮ್ಮೆ ಸರಿ, ಕೆಲವೊಮ್ಮೆ ತಪ್ಪು. ಕೊನೆಯಲ್ಲಿ ಒಂದು ಪ್ಯಾರಾಚೂಟನ್ನೋ ಬೂಸ್ಟರನ್ನೋ ಸೇರಿಸಿದಾಗ ಪಟ್ಟಿಯ ಕ್ರಮ ಸದ್ದಿಲ್ಲದೆ ಬದಲಾಗಿರುತ್ತದೆ. ಮೇಲೆ ಹೇಳಿದ, ಹಾರುತ್ತಿರುವಾಗಲೇ ಪ್ಯಾರಾಚೂಟ್ ಬಿಚ್ಚಿಕೊಂಡ ಪ್ರಸಂಗಕ್ಕೆ ಕಾರಣ ಇಷ್ಟೇ: ಪ್ಯಾರಾಚೂಟಿನ ಚಿಹ್ನೆ ಬೂಸ್ಟರ್ ಕಳಚುವ ಹಂತದೊಳಗೆ ಸೇರಿಕೊಂಡಿತ್ತು. ಚಿಹ್ನೆಯ ಮೇಲೆ ಮೌಸ್ ಇಟ್ಟರೆ ರಾಕೆಟ್ಟಿನಲ್ಲಿ ಆ ಭಾಗ ಹೊಳೆಯುತ್ತದೆ. ಹೀಗೆ ಒಂದೊಂದನ್ನೂ ನೋಡಿ, ‘ಮೊದಲ ಒತ್ತಿಗೆ ಎಂಜಿನ್ನು ಹೊತ್ತಿ ನೆಲದ ಹಿಡಿಕೆಗಳು ಬಿಡುತ್ತವೆ, ಎರಡನೆಯದಕ್ಕೆ ಬೂಸ್ಟರ್‌ಗಳು ಕಳಚುತ್ತವೆ’ ಎಂದು ಬಾಯಿಬಿಟ್ಟು ಓದಿಕೊಂಡರೆ ಹೆಚ್ಚಿನ ತಪ್ಪುಗಳು ನೆಲದ ಮೇಲೇ ಸಿಕ್ಕಿಬೀಳುತ್ತವೆ. ಎರಡು ನಿಮಿಷದ ಈ ಕೆಲಸ ಹತ್ತು ವಿಫಲ ಹಾರಾಟಗಳನ್ನು ಉಳಿಸುತ್ತದೆ.

ಒತ್ತಿದರೂ ಏನೂ ಆಗದಿದ್ದರೆ

ಸ್ಪೇಸ್ ಬಾರ್ ಒತ್ತಿದಾಗ ಏನೂ ನಡೆಯದಿದ್ದರೆ ರಾಕೆಟ್ಟನ್ನು ಬಿಚ್ಚಿ ಕಟ್ಟುವ ಮುನ್ನ ಮೂರು ಸಣ್ಣ ಸಂಗತಿಗಳನ್ನು ನೋಡಬೇಕು. ಆಲ್ಟ್ ಮತ್ತು ಎಲ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಹಂತಗಳಿಗೆ ಬೀಗ ಬೀಳುತ್ತದೆ. ಅರಿವಿಲ್ಲದೆ ಬೀಗ ಹಾಕಿಕೊಂಡವರು ಅದೇ ಕೀಲಿಗಳಿಂದ ಅದನ್ನು ತೆಗೆಯಬಹುದು. ಎರಡನೆಯದು ಥ್ರಾಟಲ್. ದ್ರವ ಇಂಧನದ ಎಂಜಿನ್ನು ಚಾಲನೆಗೊಂಡಿದ್ದರೂ ಥ್ರಾಟಲ್ ಸೊನ್ನೆಯಲ್ಲಿದ್ದರೆ ಉರಿ ಬರುವುದಿಲ್ಲ. ಜಡ್ ಕೀಲಿ ಒತ್ತಿದರೆ ಪೂರ್ಣ ಬಲ, ಎಕ್ಸ್ ಒತ್ತಿದರೆ ಸೊನ್ನೆ. ಮೂರನೆಯದು ವಿದ್ಯುತ್ತು. ಸಿಬ್ಬಂದಿಯಿಲ್ಲದ ನೌಕೆಯ ಬ್ಯಾಟರಿ ಬರಿದಾದರೆ ಅದರ ನಿಯಂತ್ರಣವೇ ಕೈತಪ್ಪುತ್ತದೆ. ಸೌರಫಲಕ ಬಿಚ್ಚಲು ಮರೆತವರ ನೌಕೆಗಳು ಹೀಗೆ ಕತ್ತಲಲ್ಲಿ ಮೂಕವಾಗಿ ತೇಲುತ್ತವೆ.

ಈ ಮೂರೂ ಸರಿಯಿದ್ದರೆ, ಬೇಕಾದ ಭಾಗ ಆ ಹಂತದ ಪಟ್ಟಿಯಲ್ಲಿದೆಯೇ ಎಂದು ನೋಡಬೇಕು. ತುರ್ತಿಗೆ ಡಿಕಪ್ಲರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ಅದನ್ನು ನೇರವಾಗಿಯೂ ಕಳಚಬಹುದು.

ಕಳಚಿದರೂ ಬಿಡದ ನಂಟು

ಎರಡು ಹಂತಗಳ ನಡುವೆ ಕೂರುವ ಬಿಲ್ಲೆಯಾಕಾರದ ಭಾಗಕ್ಕೆ ಡಿಕಪ್ಲರ್ ಎಂದು ಹೆಸರು. ಅದರ ಮೈಮೇಲೆ ಬಾಣದ ಗುರುತು ಇರುತ್ತದೆ. ಬಾಣ ತೋರುವ ಕಡೆಯ ಬಂಧ ಮಾತ್ರ ತುಂಡಾಗುತ್ತದೆ. ಇನ್ನೊಂದು ಕಡೆಗೆ ಬಿಲ್ಲೆ ಅಂಟಿಕೊಂಡೇ ಉಳಿಯುತ್ತದೆ. ಹೀಗಾಗಿ ಬಿಲ್ಲೆಯನ್ನು ತಲೆಕೆಳಗಾಗಿ ಕೂರಿಸಿದರೆ ಅದು ಖಾಲಿ ಟ್ಯಾಂಕಿನೊಡನೆ ಹೋಗುವ ಬದಲು ಮೇಲಿನ ಎಂಜಿನ್ನಿನ ಬಾಯಿಗೇ ಮುಚ್ಚಳದಂತೆ ಕುಳಿತುಬಿಡುತ್ತದೆ. ಎಂಜಿನ್ನು ಉರಿಯುತ್ತದೆ, ಇಂಧನ ಕರಗುತ್ತದೆ, ರಾಕೆಟ್ಟು ಮಾತ್ರ ಮುಂದೆ ಹೋಗುವುದಿಲ್ಲ. ಎಂಜಿನ್ನೇ ಕೆಟ್ಟಿದೆ ಎಂದು ತಿಳಿದು ದೊಡ್ಡ ಎಂಜಿನ್ನು ಹಾಕುವವರಿದ್ದಾರೆ. ತಪ್ಪು ಇದ್ದದ್ದು ಬಾಣದ ದಿಕ್ಕಿನಲ್ಲಿ. ಎರಡೂ ಕಡೆ ಬಿಟ್ಟುಕೊಡುವ ಸೆಪರೇಟರ್ ಎಂಬ ಇನ್ನೊಂದು ಭಾಗವೂ ಇದೆ. ಅದನ್ನು ಬಳಸಿದರೆ ಬಿಲ್ಲೆಯೂ ಬೇರೆಯಾಗಿ ತೇಲಿಹೋಗುತ್ತದೆ.

ಇನ್ನೊಂದು ಸಾಮಾನ್ಯ ದೋಷವೆಂದರೆ ಬೂಸ್ಟರನ್ನು ಪಕ್ಕದ ಡಿಕಪ್ಲರಿಗೆ ಅಂಟಿಸಿದಂತೆ ತೋರಿದರೂ ಅದು ನಿಜವಾಗಿ ನಡುಗಂಬದ ಟ್ಯಾಂಕಿಗೇ ಅಂಟಿರುವುದು. ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ. ಇದಕ್ಕೊಂದು ಸರಳ ಪರೀಕ್ಷೆಯಿದೆ. ಜೋಡಣಾ ಕಟ್ಟಡದಲ್ಲಿ ಡಿಕಪ್ಲರನ್ನು ಮೌಸಿನಿಂದ ಎತ್ತಿ ನೋಡಬೇಕು. ಕಳಚಬೇಕಾದದ್ದೆಲ್ಲ ಅದರ ಜೊತೆಗೇ ಎದ್ದುಬಂದರೆ ಜೋಡಣೆ ಸರಿ. ಬೂಸ್ಟರು ಅಲ್ಲೇ ನಿಂತರೆ ಅದು ಆಕಾಶದಲ್ಲೂ ಅಲ್ಲೇ ನಿಲ್ಲುತ್ತದೆ.

ಕಳಚದೆ ಉಳಿದ ಭಾರ ಏನು ಮಾಡುತ್ತದೆ ಎಂಬುದಕ್ಕೆ ಶ್ರೀಹರಿಕೋಟಾದಲ್ಲೇ ಉದಾಹರಣೆಯಿದೆ. 2017ರ ಆಗಸ್ಟ್ 31ರಂದು ಪಿಎಸ್‌ಎಲ್‌ವಿ-ಸಿ39 ರಾಕೆಟ್ಟು ಐಆರ್‌ಎನ್‌ಎಸ್‌ಎಸ್-1ಎಚ್ ಎಂಬ ದಿಕ್ಸೂಚಿ ಉಪಗ್ರಹವನ್ನು ಹೊತ್ತು ಏರಿತು. ನಾಲ್ಕೂ ಹಂತಗಳು ಕೆಲಸ ಮಾಡಿದವು. ಆದರೆ ಉಪಗ್ರಹವನ್ನು ಗಾಳಿಯ ಬಿಸಿಯಿಂದ ಕಾಪಾಡುವ ತುದಿಯ ಕವಚ ಹಾರಾಟದ ನಡುವೆ ತೆರೆದುಕೊಳ್ಳಲಿಲ್ಲ. ಆ ಹೆಚ್ಚುವರಿ ಭಾರವನ್ನು ಕೊನೆಯವರೆಗೂ ಹೊತ್ತ ರಾಕೆಟ್ಟು ಉದ್ದೇಶಿತ ಎತ್ತರಕ್ಕಿಂತ ಬಹಳ ಕೆಳಗೇ ಉಳಿಯಿತು. ಉಪಗ್ರಹವು ಮುಚ್ಚಿದ ಕವಚದೊಳಗೇ ರಾಕೆಟ್ಟಿನಿಂದ ಬೇರ್ಪಟ್ಟು, ಹೊರಬರಲಾರದೆ ನಿರುಪಯುಕ್ತವಾಯಿತು. ಪ್ರತಿ ಎಂಜಿನ್ನೂ ಸರಿಯಾಗಿ ಉರಿದ ಹಾರಾಟವೊಂದು ಕಳಚಬೇಕಾದ ಒಂದೇ ಭಾಗದಿಂದ ಸೋತಿತು.

ಕಳಚಿದ್ದೇ ಬಂದು ಬಡಿದರೆ

ಪಕ್ಕದ ಬೂಸ್ಟರ್‌ಗಳು ಕಳಚಿದ ಕೂಡಲೇ ನಡುಗಂಬಕ್ಕೆ ಬಡಿದು ಎಲ್ಲವೂ ನುಚ್ಚುನೂರಾಗುವುದು ಈ ಆಟದ ಅತಿ ಪರಿಚಿತ ದೃಶ್ಯ. ಇದಕ್ಕೆ ಕಾರಣಗಳು ಹಲವು. ಡಿಕಪ್ಲರು ಬೂಸ್ಟರಿನ ಬುಡದಲ್ಲಿದ್ದರೆ ತಳ್ಳುಬಲ ಬುಡಕ್ಕೆ ಮಾತ್ರ ಬಿದ್ದು ತುದಿ ಒಳಕ್ಕೆ ವಾಲುತ್ತದೆ. ಖಾಲಿ ಬೂಸ್ಟರಿನ ಭಾರಕೇಂದ್ರದಿಂದ ತುಸು ಮೇಲಕ್ಕೆ ಡಿಕಪ್ಲರನ್ನು ಕೂರಿಸಿದರೆ ತುದಿ ಹೊರಕ್ಕೆ ಸರಿಯುತ್ತದೆ, ಆಮೇಲೆ ಗಾಳಿಯೇ ಅದನ್ನು ದೂರ ಒಯ್ಯುತ್ತದೆ. ಖಾಲಿ ಎಂಬ ಮಾತು ಇಲ್ಲಿ ಮುಖ್ಯ. ಇಂಧನ ತುಂಬಿರುವಾಗಿನ ಭಾರಕೇಂದ್ರವೇ ಬೇರೆ, ಬರಿದಾದಾಗಿನದೇ ಬೇರೆ. ಸಾಲದಿದ್ದರೆ ಸೆಪರಾಟ್ರಾನ್ ಎಂಬ ಪುಟ್ಟ ಘನ ಇಂಧನ ಎಂಜಿನ್ನನ್ನು ಬೂಸ್ಟರಿನ ಮೇಲ್ತುದಿಗೆ ಅಂಟಿಸಿ, ಡಿಕಪ್ಲರಿನ ಹಂತದಲ್ಲೇ ಅದು ಹೊತ್ತುವಂತೆ ಮಾಡಬಹುದು. ಅದರ ಉರಿ ನೇರವಾಗಿ ಟ್ಯಾಂಕಿಗೆ ತಗಲದಂತೆ ಓರೆಯಾಗಿ ಇಡಬೇಕೆಂಬುದನ್ನು ಮರೆಯಬಾರದು.

ರಾಕೆಟ್ಟು ತಿರುಗುತ್ತಿರುವಾಗ ಕಳಚುವುದು ಎರಡನೆಯ ತಪ್ಪು. ಮೂರನೆಯದು ಆತುರ. ಘನ ಇಂಧನದ ಬೂಸ್ಟರನ್ನು ಒಮ್ಮೆ ಹೊತ್ತಿಸಿದರೆ ಆರಿಸಲಾಗದು. ಪೂರ್ತಿ ಉರಿದು ಮುಗಿಯುವ ಮೊದಲೇ ಬಂಧ ಬಿಡಿಸಿದರೆ, ಹಗುರಾದ ಬೂಸ್ಟರು ಉಳಿದ ಬಲದಿಂದಲೇ ಮುನ್ನುಗ್ಗಿ ಒಡೆಯನನ್ನೇ ಹಾಯುತ್ತದೆ.

ಮೂರನೆಯ ತಪ್ಪಿಗೆ ನಿಜಲೋಕದಲ್ಲಿ ಪ್ರಸಿದ್ಧ ಉದಾಹರಣೆ ಸ್ಪೇಸ್‌ಎಕ್ಸ್ ಸಂಸ್ಥೆಯ ಫಾಲ್ಕನ್-1 ರಾಕೆಟ್ಟಿನ ಮೂರನೆಯ ಹಾರಾಟ. 2008ರ ಆಗಸ್ಟ್ ಆರಂಭದಲ್ಲಿ ಶಾಂತ ಸಾಗರದ ಕ್ವಾಜಲೀನ್ ಹವಳದ್ವೀಪ ಸಮೂಹದಿಂದ ಅದು ಏರಿತು. ಮೊದಲ ಹಂತದ ಎಂಜಿನ್ನು ಹೊಸ ಮಾದರಿಯದು. ಆರಿಸಿದ ಮೇಲೂ ಅದರಲ್ಲಿ ಅಲ್ಪಸ್ವಲ್ಪ ಒತ್ತುಬಲ ಉಳಿಯುತ್ತಿತ್ತು. ನೆಲದ ಮೇಲಿನ ಪರೀಕ್ಷೆಯಲ್ಲಿ ಸುತ್ತಲಿನ ಗಾಳಿಯ ಒತ್ತಡ ಅದಕ್ಕಿಂತ ಹೆಚ್ಚಾಗಿದ್ದುದರಿಂದ ಅದು ಗಮನಕ್ಕೆ ಬಂದಿರಲಿಲ್ಲ. ಗಾಳಿಯಿಲ್ಲದ ಎತ್ತರದಲ್ಲಿ ಆ ಅಲ್ಪ ಬಲವೇ ಸಾಕಾಯಿತು. ಕಳಚಿದ ಮೊದಲ ಹಂತ ಹಿಂದಿನಿಂದ ಬಂದು ಎರಡನೆಯದಕ್ಕೆ ಗುದ್ದಿತು. ಸಂಸ್ಥೆಗೆ ಅದು ಸತತ ಮೂರನೆಯ ಸೋಲು. ಪರಿಹಾರವಾಗಿ ಬದಲಾಯಿಸಿದ್ದು ಎಂಜಿನ್ನನ್ನಲ್ಲ, ಟ್ಯಾಂಕನ್ನೂ ಅಲ್ಲ. ಎಂಜಿನ್ನು ಆರಿಸುವುದಕ್ಕೂ ಹಂತ ಕಳಚುವುದಕ್ಕೂ ನಡುವಿನ ಕಾಯುವ ಸಮಯವನ್ನು ಹೆಚ್ಚಿಸಲಾಯಿತು. ಎರಡು ತಿಂಗಳೂ ತುಂಬುವ ಮೊದಲು, ಸೆಪ್ಟೆಂಬರ್ 28ರಂದು, ನಾಲ್ಕನೆಯ ಹಾರಾಟ ಕಕ್ಷೆ ಸೇರಿತು.

ಪಕ್ಕದ ಬೂಸ್ಟರ್ ಬಡಿಯುವ ಅಪಾಯ ಮನುಷ್ಯರಿದ್ದ ರಾಕೆಟ್ಟಿಗೂ ತಪ್ಪಲಿಲ್ಲ. 2018ರ ಅಕ್ಟೋಬರ್ 11ರಂದು ಸೋಯುಜ್ ಎಂಎಸ್-10 ನೌಕೆ ಅಲೆಕ್ಸಿ ಓವ್‌ಚಿನಿನ್ ಮತ್ತು ನಿಕ್ ಹೇಗ್ ಎಂಬ ಇಬ್ಬರು ಗಗನಯಾತ್ರಿಗಳನ್ನು ಹೊತ್ತು ಹೊರಟಿತ್ತು. ಹಾರಾಟದ ಎರಡು ನಿಮಿಷದ ಹೊತ್ತಿಗೆ ನಾಲ್ಕು ಪಕ್ಕದ ಬೂಸ್ಟರ್‌ಗಳು ಕಳಚಬೇಕಿತ್ತು. ಜೋಡಣೆಯ ವೇಳೆ ಬಾಗಿದ್ದ ಒಂದು ಸಣ್ಣ ಸಂವೇದಕದ ಕಡ್ಡಿಯಿಂದಾಗಿ ಒಂದು ಬೂಸ್ಟರಿನ ಮೇಲ್ತುದಿಯ ಮುಚ್ಚಳ ತೆರೆಯಲಿಲ್ಲ. ತುದಿಯನ್ನು ಹೊರಕ್ಕೆ ತಳ್ಳಬೇಕಾಗಿದ್ದ ಅನಿಲ ಹೊರಬರಲಿಲ್ಲ, ಬೂಸ್ಟರು ನಡುಗಂಬಕ್ಕೆ ಬಡಿಯಿತು. ಪಾರುಮಾಡುವ ವ್ಯವಸ್ಥೆ ತಕ್ಷಣ ಕೆಲಸ ಮಾಡಿದ್ದರಿಂದ ಇಬ್ಬರೂ ಕಜಕಸ್ತಾನದ ಬಯಲಿನಲ್ಲಿ ಸುರಕ್ಷಿತವಾಗಿ ಇಳಿದರು. 2019ರ ಮಾರ್ಚ್‌ನಲ್ಲಿ ಅವರಿಬ್ಬರೂ ಮತ್ತೆ ಹಾರಿ ನಿಲ್ದಾಣ ಸೇರಿದರು. ಆಟದಲ್ಲಿ ಬೂಸ್ಟರಿನ ಮೇಲ್ತುದಿಗೆ ಸೆಪರಾಟ್ರಾನ್ ಏಕೆ ಬೇಕು ಎಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ.

ಮೇಲಿನ ಎಂಜಿನ್ನು ಹೊತ್ತದಿದ್ದರೆ

ಹಂತ ಸೊಗಸಾಗಿ ಕಳಚಿತು, ಮೇಲಿನದು ಹೊತ್ತಿಕೊಳ್ಳಲಿಲ್ಲ. ಹೀಗಾದಾಗ ಮೊದಲು ನೋಡಬೇಕಾದದ್ದು ಆ ಎಂಜಿನ್ನು ಯಾವ ಹಂತದಲ್ಲಿದೆ ಎಂಬುದನ್ನು. ಡಿಕಪ್ಲರಿಗೂ ಅದಕ್ಕೂ ಬೇರೆ ಬೇರೆ ಹಂತ ಕೊಟ್ಟಿದ್ದರೆ ಇನ್ನೊಮ್ಮೆ ಒತ್ತಬೇಕಷ್ಟೆ. ಎಷ್ಟೋ ಅನುಭವಿಗಳು ಬೇಕೆಂದೇ ಹೀಗೆ ಎರಡು ಹಂತ ಮಾಡಿ, ನಡುವೆ ಒಂದೆರಡು ಸೆಕೆಂಡು ಕಾದು ಹೊತ್ತಿಸುತ್ತಾರೆ. ಫಾಲ್ಕನ್-1 ಕಲಿತ ಪಾಠವೂ ಅದೇ.

ಎಂಜಿನ್ನಿಗೆ ಇಂಧನವೇ ತಲುಪದಿರುವುದು ಮತ್ತೊಂದು ಕಾರಣ. ಡಿಕಪ್ಲರಿನ ಮೂಲಕ ಇಂಧನ ಸಾಮಾನ್ಯವಾಗಿ ಹರಿಯುವುದಿಲ್ಲ. ಹರಿಯಲು ಬಿಡುವ ಆಯ್ಕೆಯೂ ಇದೆ. ಅದನ್ನು ಅರಿಯದೆ ಚಾಲೂ ಮಾಡಿದರೆ ಕೆಳಗಿನ ಎಂಜಿನ್ನು ಮೇಲಿನ ಟ್ಯಾಂಕಿನ ಇಂಧನವನ್ನೂ ಕುಡಿಯಬಹುದು. ಕಳಚಿದಾಗ ಮೇಲಿನ ಹಂತ ಖಾಲಿ ಕೊಡ. ಪಕ್ಕದ ಟ್ಯಾಂಕುಗಳಿಂದ ನಡುವಿಗೆ ಕೊಳವೆಗಳಲ್ಲಿ ಇಂಧನ ಹರಿಸುವವರು ಕೊಳವೆಯ ದಿಕ್ಕನ್ನು ನೋಡಬೇಕು. ಮೊದಲು ಕ್ಲಿಕ್ ಮಾಡಿದ ಟ್ಯಾಂಕಿನಿಂದ ಎರಡನೆಯದಕ್ಕೆ ಮಾತ್ರ ಅದು ಹರಿಯುತ್ತದೆ. 2018ರ ಡಿಸೆಂಬರ್‌ನ ಆವೃತ್ತಿಯಿಂದ ಪ್ರತಿ ಹಂತದ ಪಕ್ಕದಲ್ಲಿ ಅದು ಗಳಿಸಿಕೊಡಬಲ್ಲ ವೇಗವನ್ನು ಆಟವೇ ತೋರಿಸುತ್ತದೆ. ಯಾವುದೋ ಹಂತದ ಮುಂದೆ ಸೊನ್ನೆ ಕಂಡರೆ ಕೊಳವೆಯಲ್ಲೋ ಕ್ರಮದಲ್ಲೋ ತಪ್ಪಿದೆ ಎಂದೇ ಅರ್ಥ.

ಹೊತ್ತದ ಎಂಜಿನ್ನಿನ ನೋವು ಇಸ್ರೋಗೆ ಹೊಸದಲ್ಲ. 1987ರ ಮಾರ್ಚ್ 24ರಂದು ಎಎಸ್‌ಎಲ್‌ವಿ ರಾಕೆಟ್ಟಿನ ಮೊದಲ ಹಾರಾಟದಲ್ಲಿ ಪಕ್ಕದ ಬೂಸ್ಟರ್‌ಗಳು ಉರಿದು ಮುಗಿದವು, ನಡುವಿನ ಹಂತ ಹೊತ್ತಿಕೊಳ್ಳಲಿಲ್ಲ. 1988ರ ಜುಲೈ 13ರ ಎರಡನೆಯ ಹಾರಾಟವೂ ಬೂಸ್ಟರ್‌ಗಳಿಂದ ನಡುವಿನ ಹಂತಕ್ಕೆ ದಾಟುವ ಅದೇ ಘಟ್ಟದಲ್ಲಿ ನಿಯಂತ್ರಣ ತಪ್ಪಿ ಮುರಿಯಿತು. ಉಡುಪಿ ಸಮೀಪದ ಅದಮಾರಿನಲ್ಲಿ ಹುಟ್ಟಿದ ಪ್ರೊ. ಯು. ಆರ್. ರಾವ್ ಆಗ ಇಸ್ರೋ ಅಧ್ಯಕ್ಷರು. ಸೋಲಿನ ಕಾರಣಗಳನ್ನು ಸಮಿತಿಗಳು ಎಳೆ ಎಳೆಯಾಗಿ ಬಿಡಿಸಿದವು. ಮೊದಲೇ ನಿಗದಿಯಾದ ಸಮಯಕ್ಕೆ ಬದಲಾಗಿ ಬೂಸ್ಟರಿನ ಬಲ ವಾಸ್ತವವಾಗಿ ಯಾವಾಗ ಕುಗ್ಗುತ್ತದೆ ಎಂಬುದನ್ನು ಹಾರಾಟದಲ್ಲೇ ಗ್ರಹಿಸಿ ನಡುವಿನ ಹಂತ ಹೊತ್ತಿಸುವ ವ್ಯವಸ್ಥೆ ಬಂದಿತು. 1992ರ ಮೇ 20ರಂದು ಮೂರನೆಯ ಹಾರಾಟ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಎರಡು ಸೋಲುಗಳ ನಡುವೆ ಕಲಿತದ್ದು ಒಂದು ಕ್ಷಣದ ಬಗ್ಗೆ, ಆದರೆ ಅದಕ್ಕೆ ಹಿಡಿದದ್ದು ಐದು ವರ್ಷ.

ಕಾರಣ ಸದಾ ಹಂತಗಳ ಕ್ರಮದಲ್ಲೇ ಇರುತ್ತದೆ ಎಂದೂ ಇಲ್ಲ. 2021ರ ಆಗಸ್ಟ್ 12ರಂದು ಜಿಎಸ್‌ಎಲ್‌ವಿ-ಎಫ್10ರ ಕೆಳಗಿನ ಎರಡು ಹಂತಗಳು ಸರಿಯಾಗಿ ದುಡಿದರೂ ಮೇಲಿನ ಕ್ರಯೋಜೆನಿಕ್ ಎಂಜಿನ್ನು ಹೊತ್ತಿಕೊಳ್ಳಲಿಲ್ಲ. ಕವಾಟವೊಂದರ ಸೋರಿಕೆಯಿಂದ ದ್ರವ ಜಲಜನಕದ ಟ್ಯಾಂಕಿನಲ್ಲಿ ಒತ್ತಡ ಕುಸಿದಿತ್ತು ಎಂದು ತನಿಖಾ ಸಮಿತಿ ಹೇಳಿತು. ಎಂಜಿನ್ನು ಹೊತ್ತದಿದ್ದಾಗ ಮೊದಲು ಎಂಜಿನ್ನನ್ನಲ್ಲ, ಅದಕ್ಕೆ ಇಂಧನ ಬರುವ ದಾರಿಯನ್ನು ನೋಡಬೇಕೆಂಬ ಮಾತು ಆಟಕ್ಕೂ ಸಲ್ಲುತ್ತದೆ.

ಕಾರಣ ಒಂದು ಕಡೆ, ಫಲ ಇನ್ನೊಂದು ಕಡೆ

ಅತಿ ಕಷ್ಟದ ದೋಷಗಳು ಬೇರ್ಪಡಿಕೆಯ ಹೊತ್ತಿನಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಎಲ್ಲವೂ ಸರಿಯಾಗಿ ಕಳಚಿ, ಎಲ್ಲವೂ ಹೊತ್ತಿಕೊಂಡು, ಹಲವು ನಿಮಿಷಗಳ ನಂತರ ಕಕ್ಷೆಗೆ ಸ್ವಲ್ಪ ವೇಗ ಸಾಲದೆ ನೌಕೆ ಮರಳಿ ಬೀಳುತ್ತದೆ. 2022ರ ಆಗಸ್ಟ್ 7ರಂದು ಇಸ್ರೋದ ಹೊಸ ಪುಟ್ಟ ರಾಕೆಟ್ ಎಸ್‌ಎಸ್‌ಎಲ್‌ವಿಯ ಮೊದಲ ಹಾರಾಟದಲ್ಲಿ ನಡೆದದ್ದು ಇದನ್ನೇ ಹೋಲುತ್ತದೆ. ಮೂರು ಘನ ಇಂಧನ ಹಂತಗಳೂ ಉರಿದವು. ಆದರೆ ಎರಡನೆಯ ಹಂತ ಕಳಚುವಾಗ ಕ್ಷಣಕಾಲ ಉಂಟಾದ ಕಂಪನ, ವೇಗದ ಏರಿಳಿತ ಅಳೆಯುವ ಸಂವೇದಕಗಳ ಮಿತಿಯನ್ನು ಮೀರಿತು. ಸಂವೇದಕಗಳೇ ಕೆಟ್ಟಿವೆ ಎಂದು ತಂತ್ರಾಂಶ ತೀರ್ಮಾನಿಸಿ ಪರ್ಯಾಯ ಮಾರ್ಗ ಹಿಡಿಯಿತು. ವೇಗ ಸ್ವಲ್ಪ ಕಡಿಮೆ ಬಿತ್ತು. 356 ಕಿಲೋಮೀಟರ್ ಎತ್ತರದ ವೃತ್ತಾಕಾರದ ಕಕ್ಷೆಯ ಬದಲು ಒಂದು ತುದಿಯಲ್ಲಿ ಸುಮಾರು 360, ಇನ್ನೊಂದು ತುದಿಯಲ್ಲಿ ಸುಮಾರು 76 ಕಿಲೋಮೀಟರ್ ಎತ್ತರದ ಕಕ್ಷೆ ಸಿಕ್ಕಿತು. 76 ಕಿಲೋಮೀಟರಿನಲ್ಲಿ ಗಾಳಿಯಿದೆ, ಉಪಗ್ರಹಗಳು ಉಳಿಯಲಿಲ್ಲ. ಅವುಗಳಲ್ಲಿ ಒಂದಾದ ‘ಆಜಾದಿಸ್ಯಾಟ್’ ದೇಶದ 75 ಶಾಲೆಗಳ 750 ವಿದ್ಯಾರ್ಥಿನಿಯರ ಕೈಚಳಕ ಸೇರಿದ್ದ ಉಪಗ್ರಹವಾಗಿತ್ತು.

ಇಸ್ರೋ ತನಿಖೆ ನಡೆಸಿ, ಕಂಪನ ಕಡಿಮೆಯಿರುವ ಬೇರ್ಪಡಿಕೆ ವ್ಯವಸ್ಥೆಯನ್ನು ಅಳವಡಿಸಿತು, ಸಂವೇದಕಗಳನ್ನು ನಂಬುವ ನಂಬದಿರುವ ನಿಯಮವನ್ನೂ ತಿದ್ದಿತು. 2023ರ ಫೆಬ್ರವರಿ 10ರಂದು ಎರಡನೆಯ ಹಾರಾಟ ಯಶಸ್ವಿಯಾಯಿತು. ವಿದ್ಯಾರ್ಥಿನಿಯರ ‘ಆಜಾದಿಸ್ಯಾಟ್-2’ ಅದರಲ್ಲೇ ಕಕ್ಷೆ ಸೇರಿತು.

ಒಂದು ಸಲಕ್ಕೆ ಒಂದೇ ಬದಲಾವಣೆ

ಆಟದಲ್ಲಿ ದೋಷ ಹುಡುಕುವ ಕ್ರಮವನ್ನು ಹೀಗೆ ಹೇಳಬಹುದು. ಹಂತ ಕಳಚುವುದಕ್ಕೆ ಸ್ವಲ್ಪ ಮೊದಲು ಎಫ್5 ಒತ್ತಿ ಸ್ಥಿತಿಯನ್ನು ಉಳಿಸಿಕೊಳ್ಳಬೇಕು. ಅನಾಹುತವಾದರೆ ಎಫ್3 ಒತ್ತಿದಾಗ ಏನು ಯಾವಾಗ ಯಾವುದಕ್ಕೆ ಬಡಿಯಿತು ಎಂಬ ದಾಖಲೆ ಕಾಣುತ್ತದೆ. ಅದನ್ನು ಮೊದಲ ಸಾಲಿನಿಂದ ಓದಬೇಕು. ಮೊದಲು ಮುರಿದದ್ದಷ್ಟೇ ಮುಖ್ಯ, ಉಳಿದದ್ದು ಅದರ ಪರಿಣಾಮ. ಬಳಿಕ ಎಫ್9 ಒತ್ತಿಹಿಡಿದು ಹಿಂದಿನ ಸ್ಥಿತಿಗೆ ಮರಳಿ, ತಾಳ್ಮೆಯಿಂದ ಮತ್ತೊಮ್ಮೆ ನೋಡಬೇಕು. ಥ್ರಾಟಲ್ ಇಳಿಸಿ ಕಳಚಿದರೆ ಸರಿಹೋಗುತ್ತದೆಯೇ? ಎರಡು ಸೆಕೆಂಡು ಕಾದರೆ? ಗಾಳಿ ತೆಳುವಾದ ಎತ್ತರದಲ್ಲಾದರೆ? ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ಡಿಕಪ್ಲರನ್ನು ಸರಿಸಿ, ಬೂಸ್ಟರನ್ನು ಬದಲಿಸಿ, ರೆಕ್ಕೆಗಳನ್ನೂ ಸೇರಿಸಿ ಹಾರಿಸಿದವರಿಗೆ ರಾಕೆಟ್ಟು ಮೇಲೇರಿದರೂ ಏಕೆ ಏರಿತು ಎಂಬುದು ತಿಳಿಯುವುದಿಲ್ಲ. ಹಾಗೆ ತಿಳಿಯದೆ ಗೆದ್ದವರು ಮುಂದಿನ ರಾಕೆಟ್ಟಿನಲ್ಲಿ ಅದೇ ತಪ್ಪನ್ನು ಮತ್ತೆ ಕಟ್ಟುತ್ತಾರೆ.

ಫಾಲ್ಕನ್-1ರ ಮೂರನೆಯ ಸೋಲಿನ ನಂತರ ಎಂಜಿನಿಯರುಗಳು ಮಾಡಿದ್ದೂ, ಎಎಸ್‌ಎಲ್‌ವಿ ಸಮಿತಿಗಳು ಮಾಡಿದ್ದೂ ಈ ಕೆಲಸವನ್ನೇ. ವ್ಯತ್ಯಾಸ ಒಂದೇ: ಅವರ ಮೇಜಿನ ಮೇಲೆ ಎಫ್9 ಕೀಲಿ ಇರಲಿಲ್ಲ. ಒಂದೇ ಹಾರಾಟದ ದತ್ತಾಂಶ, ಸಮುದ್ರ ಸೇರಿದ ಯಂತ್ರ, ಉತ್ತರ ಕಾಯುತ್ತಿರುವ ದೇಶ ಅಥವಾ ಖಾಲಿಯಾಗುತ್ತಿರುವ ಖಜಾನೆ, ಇಷ್ಟರಲ್ಲೇ ಅವರು ಆ ಒಂದು ಕ್ಷಣವನ್ನು ಹುಡುಕಬೇಕಿತ್ತು. ಪರದೆಯ ಮುಂದೆ ಕುಳಿತು ಹತ್ತನೆಯ ಸಲ ಬೂಸ್ಟರ್ ಕಳಚುತ್ತಿರುವ ವಿದ್ಯಾರ್ಥಿಗೆ ಸಿಗುವುದು ಆ ಹುಡುಕಾಟದ ಅಭ್ಯಾಸ, ಅದೂ ಯಾರ ಉಪಗ್ರಹವನ್ನೂ ಕಳೆದುಕೊಳ್ಳದೆ. ಹನ್ನೊಂದನೆಯ ಸಲ ಸ್ಪೇಸ್ ಬಾರ್ ಒತ್ತುವ ಮೊದಲು ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಒಮ್ಮೆ ಓದಿಕೊಂಡರೆ ಸಾಕು.